ಸಣ್ಣ ಲೇತಿಗೆ ಟೂಲ್ ಹೋಲ್ಡರ್: ಅಡಿಯ ಲೆಕ್ಕ ಬಿಟ್ಟು ಎತ್ತರ ಅಳೆಯಿರಿ

ಪ್ರಶ್ನೆ: ಹಾಸನದಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಸಣ್ಣ ಲೇತ್ ಇಟ್ಟುಕೊಂಡಿದ್ದೇನೆ. ನಿವೃತ್ತಿಯ ನಂತರದ ಹವ್ಯಾಸ. ಪ್ರತಿ ಸಲ ಟೂಲ್ ಬದಲಿಸುವಾಗ ಅದರ ಅಡಿಗೆ ಪ್ಯಾಕಿಂಗ್ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಕ್ವಿಕ್ ಚೇಂಜ್ ಟೂಲ್ ಪೋಸ್ಟ್ ಹಾಕಬೇಕೆಂದಿದ್ದೇನೆ. ಕಡಿಮೆ ಬೆಲೆಯ ಹೋಲ್ಡರ್‌ಗಳು ಸಾಕೇ? ಎಷ್ಟು ಕೊಳ್ಳಬೇಕು?

ಉತ್ತರ: ಸಾಕು. ಟೂಲ್ ಪೋಸ್ಟ್ ಎಂದರೆ ಲೇತಿನ ಮೇಲೆ ಕತ್ತರಿಸುವ ಟೂಲನ್ನು ಹಿಡಿದು ನಿಲ್ಲಿಸುವ ಭಾಗ. ಕ್ವಿಕ್ ಚೇಂಜ್‌ನಲ್ಲಿ ಟೂಲ್ ಹೋಲ್ಡರಿನಲ್ಲೇ ಇರುತ್ತದೆ, ಹೋಲ್ಡರನ್ನೇ ಪೋಸ್ಟಿಗೆ ಹಾಕಿ ತೆಗೆಯುವುದು. ಹೋಲ್ಡರ್ ಎಂದರೆ ಒಂದು ಉಕ್ಕಿನ ತುಂಡು. ಬೆನ್ನಿಗೆ ಡವ್‌ಟೇಲ್ (ಪೋಸ್ಟಿಗೆ ಕಚ್ಚಿಕೊಳ್ಳುವ ಓರೆ ಅಂಚಿನ ತೋಡು), ಪಕ್ಕಕ್ಕೆ ಟೂಲ್ ಕೂರುವ ತೋಡು, ಮೇಲೆ ಟೂಲನ್ನು ಒತ್ತಿ ಹಿಡಿಯಲು ತಲೆಯಿಲ್ಲದ ನಾಲ್ಕು ಗ್ರಬ್ ಸ್ಕ್ರೂ, ಎತ್ತರ ಹೊಂದಿಸಲು ಒಂದು ನಟ್. ಕೆಡುವುದಕ್ಕೆ ಅದರಲ್ಲಿ ಹೆಚ್ಚೇನೂ ಇಲ್ಲ. ಬಿಗಿಹಿಡಿಯುವ ಕೆಲಸವೆಲ್ಲ ಪೋಸ್ಟಿನದು. ಆದ್ದರಿಂದ ಖರ್ಚು ಮಾಡುವುದಿದ್ದರೆ ಪೋಸ್ಟಿಗೆ ಮಾಡಿ, ಹೋಲ್ಡರ್‌ಗಳಲ್ಲಿ ಉಳಿಸಿ.

ಆದರೆ ನಿಮ್ಮ ಪ್ರಶ್ನೆಯಲ್ಲಿ ಲೇತಿನ ಅಳತೆಯೇ ಇಲ್ಲ. ಕೇಳಿದರೂ ‘ನಾಲ್ಕೂವರೆ ಅಡಿ’ ಎನ್ನುತ್ತೀರಿ ಎಂದು ಬಲ್ಲೆ. ನಮ್ಮಲ್ಲಿ ಲೇತನ್ನು ಬೆಡ್ಡಿನ ಉದ್ದದಿಂದಲೇ ಕರೆಯುವುದು ರೂಢಿ. ಟೂಲ್ ಪೋಸ್ಟಿಗೆ ಆ ಉದ್ದ ಕಟ್ಟಿಕೊಂಡು ಏನೂ ಆಗಬೇಕಿಲ್ಲ. ಅದಕ್ಕೆ ಬೇಕಾದದ್ದು ಕಾಂಪೌಂಡ್ ಸ್ಲೈಡಿನ (ಪೋಸ್ಟ್ ಕೂರುವ, ಸರಿದಾಡುವ ಭಾಗ) ಮೇಲ್ಮೈಯಿಂದ, ಕೆಲಸದ ತುಂಡನ್ನು ಕಚ್ಚಿ ತಿರುಗಿಸುವ ಚಕ್ಕಿನ ನಡುಗೆರೆಯವರೆಗಿನ ಎತ್ತರ. ಟೂಲಿನ ಮೊನೆ ಆ ಗೆರೆಗೆ ಸರಿಯಾಗಿ ಬರಬೇಕು.

ಅಳೆಯುವುದು ಹೀಗೆ. ಚಕ್ಕಿಗೆ ಒಂದು ಸರಳು ಕಚ್ಚಿಸಿ, ಒಂದೆರಡು ಕಟ್ ಕೊಟ್ಟು ಸರಿಯಾಗಿ 20 ಮಿ.ಮೀ. ವ್ಯಾಸಕ್ಕೆ ಇಳಿಸಿ. ಈಗಿರುವ ಟೂಲ್ ಪೋಸ್ಟ್ ತೆಗೆದಿಟ್ಟು ಕಾಂಪೌಂಡನ್ನು ಸರಳಿನ ಅಡಿಗೆ ತನ್ನಿ. ನಡುವಿನ ಸಂದಿಗೆ ಯಾವ ಡ್ರಿಲ್ ಬಿಟ್ಟಿನ ಹಿಡಿ ಬಿಗಿಯಾಗಿ ತೂರುತ್ತದೆಯೋ ಆ ಅಳತೆಗೆ ಸರಳಿನ ಅರ್ಧ ವ್ಯಾಸವಾದ 10 ಸೇರಿಸಿ. 14 ಮಿ.ಮೀ. ತೂರಿದರೆ ನಿಮ್ಮ ಎತ್ತರ 24. ಈಗ ಹೋಲ್ಡರಿನ ತೋಡಿನ ಕೆಳಗಿರುವ ತುಟಿ 10 ಮಿ.ಮೀ. ದಪ್ಪವಿದೆ ಎನ್ನೋಣ. 12 ಮಿ.ಮೀ. ಟೂಲ್ ಇಟ್ಟರೆ ಅದರ ಮೊನೆ 22ಕ್ಕೆ ಬರುತ್ತದೆ; ನಟ್ ತಿರುಗಿಸಿ 2 ಮಿ.ಮೀ. ಏರಿಸಿದರೆ ಆಯಿತು. 16ರ ಟೂಲ್ ಇಟ್ಟರೆ 26. ಇಳಿಸೋಣವೆಂದರೆ ಹೋಲ್ಡರ್ ಆಗಲೇ ಕಾಂಪೌಂಡಿನ ಮೇಲೆ ಕೂತುಬಿಟ್ಟಿರುತ್ತದೆ. ಹೀಗೆ ಕೊಂಡ ಮೇಲೆ ಟೂಲಿನ ಹೊಟ್ಟೆಯನ್ನು ಗ್ರೈಂಡರಿಗೆ ಹಿಡಿದು ತೆಳ್ಳಗೆ ಮಾಡುತ್ತ ಕೂತವರನ್ನು ಕಂಡಿದ್ದೇನೆ. ಚಿಕ್ಕಮಗಳೂರಿನಲ್ಲಿ ಅಂಥವನೊಬ್ಬ ಈಗ ನಿಮಗೆ ಉತ್ತರ ಬರೆಯುತ್ತಿದ್ದಾನೆ.

ಮಾರಾಟದಲ್ಲಿ ಕಾಣುವ ಎಎಕ್ಸ್‌ಎ, ಬಿಎಕ್ಸ್‌ಎ, ಸಿಎಕ್ಸ್‌ಎ ಎಂಬ ಗುರುತುಗಳು ಅಮೆರಿಕದ ಅಲೋರಿಸ್ ಕಂಪನಿಯ ಅಳತೆಗಳಿಂದ ಬಂದವು. ಈಗ ಯಾರು ತಯಾರಿಸಿದರೂ ಅದೇ ಹೆಸರು. ಎಎಕ್ಸ್‌ಎ 12 ಇಂಚಿನವರೆಗಿನ ಸ್ವಿಂಗ್ ಇರುವ ಲೇತಿಗೆ, ಬಿಎಕ್ಸ್‌ಎ 10ರಿಂದ 15 ಇಂಚಿಗೆ, ಸಿಎಕ್ಸ್‌ಎ 13ರಿಂದ 18ಕ್ಕೆ. ಬೆಂಚಿನ ಮೇಲಿಡುವ ಪುಟ್ಟ ಲೇತುಗಳಿಗೆ ಇನ್ನೂ ಚಿಕ್ಕದಾದ ಸೊನ್ನೆ ಎಕ್ಸ್‌ಎ ಇದೆ. ಸ್ವಿಂಗ್ ಎಂದರೆ ಬೆಡ್ಡಿನಿಂದ ಸೆಂಟರಿನವರೆಗಿನ ಎತ್ತರದ ಎರಡರಷ್ಟು. ಎರಡು ಅಳತೆಗಳ ನಡುವೆ ಸಿಕ್ಕಿಕೊಂಡರೆ ಚಿಕ್ಕದನ್ನೇ ಆರಿಸಿ. ಹವ್ಯಾಸದ ಲೇತಿನಲ್ಲಿ 12 ಮಿ.ಮೀ.ಗಿಂತ ದಪ್ಪ ಟೂಲ್ ಬೇಕಾಗುವುದು ಅಪರೂಪ.

ಪೋಸ್ಟಿನಲ್ಲಿ ಎರಡು ಬಗೆ. ಪಿಸ್ಟನ್ ಬಗೆಯದು ಹೋಲ್ಡರನ್ನು ಹೊರಕ್ಕೆ ತಳ್ಳಿ ಬಿಗಿಯುತ್ತದೆ. ವೆಜ್ (ಬೆಣೆ) ಬಗೆಯದು ಪೋಸ್ಟಿನ ಮೈಗೆ ಎಳೆದುಕೊಂಡು ಬಿಗಿಯುತ್ತದೆ. ತೆಗೆದ ಹೋಲ್ಡರನ್ನು ಮತ್ತೆ ಹಾಕಿದಾಗ ಅದು ಮೊದಲಿನ ಜಾಗಕ್ಕೇ ಬರುವ ನಂಬಿಕೆ ವೆಜ್‌ನಲ್ಲಿ ಹೆಚ್ಚು. ಬೆಲೆಯೂ ಹೆಚ್ಚು, ಕೊಡಬಹುದು. ಹೋಲ್ಡರ್‌ಗಳು ಎರಡಕ್ಕೂ ಅವೇ. ಅಲ್ಯೂಮಿನಿಯಮ್ಮಿನ ಅಗ್ಗದ ಪೋಸ್ಟ್‌ಗಳು ಹಿತ್ತಾಳೆ ಕೆಲಸಕ್ಕೆ ನಡೆದಾವು. ಉಕ್ಕಿಗೆ ನಾನು ಹಾಕುವುದಿಲ್ಲ. ಸ್ವಿಟ್ಜರ್ಲೆಂಡಿನ ಮಲ್ಟಿಫಿಕ್ಸ್ ಎಂಬುದೊಂದಿದೆ, ಸುತ್ತಲೂ 40 ಕಡೆ ಕೂರುತ್ತದೆ. ನೋಡಿ ಸಂತೋಷಪಡಲು ಒಳ್ಳೆಯದು.

ಒಂದೇ ಗುರುತಿದ್ದರೂ ತಯಾರಕರಿಂದ ತಯಾರಕರಿಗೆ ಡವ್‌ಟೇಲ್ ಕೂದಲೆಳೆಯಷ್ಟು ಬೇರೆಯಾಗಿರುತ್ತದೆ. ಆದ್ದರಿಂದ ಹತ್ತು ಹೋಲ್ಡರ್ ಒಟ್ಟಿಗೆ ತರಿಸಬೇಡಿ. ಒಂದು ತರಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವುದಾದರೆ ಪೋಸ್ಟನ್ನೇ ಚೀಲದಲ್ಲಿ ಹಾಕಿಕೊಂಡು ರೈಲು ಹತ್ತಿ. ಹೋಲ್ಡರಿನ ಡವ್‌ಟೇಲಿಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು, ಪೋಸ್ಟಿಗೆ ಬಿಗಿದು, ಬಿಚ್ಚಿ ನೋಡಿ. ಶಾಯಿ ಎರಡೂ ಬದಿಯಲ್ಲಿ ಉದ್ದಕ್ಕೂ ಅಳಿಸಿದ್ದರೆ ಸರಿ. ಒಂದು ಮೂಲೆಯಲ್ಲಿ ಮಾತ್ರ ಅಳಿಸಿದ್ದರೆ ಅಂಗಡಿಯವರಿಗೇ ವಾಪಸು ಕೊಡಿ. ಆಮೇಲೆ ತೋಡಿನಲ್ಲಿ ಒಂದು ಟೂಲ್ ಇಟ್ಟು ಬೆರಳಿನಿಂದ ಒತ್ತಿ. ಅದು ತೂಗಾಡಿದರೆ ತೋಡಿನ ನೆಲ ಸಮವಿಲ್ಲವೆಂದು ಅರ್ಥ. ಅಂಚಿನ ಚೂಪು ಚೂರುಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ, ಎಣ್ಣೆಕಲ್ಲಿಗೆ ನಾಲ್ಕು ಸಲ ಉಜ್ಜಿದರೆ ಹೋಗುತ್ತವೆ. ಅಗ್ಗದ ಹೋಲ್ಡರಿನ ನಿಜವಾದ ರೋಗ ಗ್ರಬ್ ಸ್ಕ್ರೂ. ಮೆತ್ತಗಿನ ಉಕ್ಕು, ತಿಂಗಳೊಪ್ಪತ್ತಿನಲ್ಲಿ ಅಲೆನ್ ಕೀ ಕೂರುವ ಕುಳಿ ದುಂಡಗಾಗುತ್ತದೆ. ಮೊದಲ ದಿನವೇ ಎಲ್ಲವನ್ನೂ ತೆಗೆದು ಗಟ್ಟಿ ಉಕ್ಕಿನ 45ಎಚ್ ದರ್ಜೆಯವನ್ನು ಹಾಕಿ.

ಎಷ್ಟು ಬೇಕು ಎಂಬುದಕ್ಕೆ ನಿಮ್ಮ ಕೆಲಸವನ್ನೇ ಕೇಳಬೇಕು. ನಮ್ಮ ಕಡೆ ಕಾಫಿ ಕೊಯ್ಲು ಶುರುವಾದರೆ ಪಕ್ಕದ ತೋಟದವರು ಪಲ್ಪರಿನ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಸವೆದ ಬುಷ್ ಹಿಡಿದುಕೊಂಡು ಬರುತ್ತಾರೆ. ಒಂದು ಗನ್‌ಮೆಟಲ್ ಬುಷ್ ಮಾಡುವಾಗ ಮುಖ ಸಮ ಮಾಡಬೇಕು, ಹೊರಮೈ ತಿರುಗಿಸಬೇಕು, ಡ್ರಿಲ್ ಮಾಡಿದ ತೂತನ್ನು ಬೋರಿಂಗ್ ಬಾರ್‌ನಿಂದ ಅಳತೆಗೆ ತರಬೇಕು, ಅಂಚು ಮುರಿಯಬೇಕು, ಕೊನೆಗೆ ಕತ್ತರಿಸಿ ಇಳಿಸಬೇಕು. ಡ್ರಿಲ್ ಚಕ್ಕಿನ ಎದುರು ತುದಿಯಲ್ಲಿರುವ ಟೇಲ್‌ಸ್ಟಾಕಿನದು, ಅದಕ್ಕೆ ಹೋಲ್ಡರ್ ಬೇಡ. ಮುಖಕ್ಕೂ ಹೊರಮೈಗೂ ಒಂದೇ ಟೂಲ್ ನಡೆಯುತ್ತದೆ. ಅಲ್ಲಿಗೆ ನಾಲ್ಕು ಹೋಲ್ಡರ್. ಥ್ರೆಡ್ಡಿಂಗ್ ಸೇರಿದರೆ ಐದು. ಇವುಗಳಲ್ಲಿ ಒಂದೆರಡು ತೋಡಿನ ನೆಲದಲ್ಲಿ ವಿ ಆಕಾರದ ಗೀರು ಇರುವಂಥವಾಗಿರಲಿ. ದುಂಡನೆಯ ಬೋರಿಂಗ್ ಬಾರ್ ಅದರಲ್ಲಿ ಅಲುಗದೆ ಕೂರುತ್ತದೆ. ಸೆಟ್ಟಿನ ಜೊತೆ ಬರುವ ನರ್ಲಿಂಗ್ (ಹಿಡಿಗಳ ಮೇಲೆ ಒರಟು ಗೆರೆ ಮೂಡಿಸುವ) ಹೋಲ್ಡರಿಗೆ ಹೆಚ್ಚು ಹಣ ಕೊಡಬೇಡಿ.

ಇನ್ನೂ ಅಗ್ಗದ ದಾರಿ ಬೇಕೆಂದರೆ ಮಾಡಿಸಿಕೊಳ್ಳಬಹುದು. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಮಿಲ್ಲಿಂಗ್ ಯಂತ್ರ ಇರುವವರನ್ನು ಕೇಳಿ. ಉದ್ದನೆಯ ಒಂದೇ ಉಕ್ಕಿನ ಪಟ್ಟಿಗೆ ಡವ್‌ಟೇಲನ್ನೂ ತೋಡನ್ನೂ ಒಮ್ಮೆಲೇ ಹೊಡೆಸಿ, ಆಮೇಲೆ ಆರು ತುಂಡು ಮಾಡಿದರೆ ಆರು ಹೋಲ್ಡರ್. ಒಂದೊಂದನ್ನೇ ಕಚ್ಚಿಸಿ ಮಾಡುವ ಕೂಲಿ ಉಳಿಯುತ್ತದೆ, ಎಲ್ಲವೂ ಒಂದೇ ಅಳತೆಗೆ ಬರುತ್ತವೆ. ನಮೂನೆಗೆ ನಿಮ್ಮ ಒಳ್ಳೆಯ ಹೋಲ್ಡರ್ ಒಂದನ್ನು ಕೊಡಿ, ಪೋಸ್ಟನ್ನೂ ಕೊಟ್ಟುಬನ್ನಿ.

ಹೋಲ್ಡರ್ ಬಂದ ಮೇಲೆ ಎತ್ತರ ಹೊಂದಿಸಲು ಹಳೆಯ ಉಪಾಯವೇ ಸಾಕು. ದುಂಡು ಸರಳಿಗೂ ಟೂಲಿನ ಮೊನೆಗೂ ನಡುವೆ ಸಣ್ಣ ಸ್ಟೀಲ್ ಸ್ಕೇಲೊಂದನ್ನು ಮೆಲ್ಲಗೆ ಒತ್ತಿ ಹಿಡಿಸಿ. ಸ್ಕೇಲು ನೆಟ್ಟಗೆ ನಿಂತರೆ ಮೊನೆ ಸೆಂಟರಿನಲ್ಲಿದೆ. ಅದರ ತಲೆ ನಿಮ್ಮ ಕಡೆಗೆ ವಾಲಿದರೆ ಟೂಲ್ ಕೆಳಗಿದೆ, ಆಚೆ ವಾಲಿದರೆ ಮೇಲಿದೆ. ಹೋಲ್ಡರಿಗೊಮ್ಮೆ ಮಾಡಿ ನಟ್ ಬಿಗಿದಿಟ್ಟರೆ ಮುಗಿಯಿತು.

ಮಳೆಗಾಲದ ಮಾತು ಹಾಸನದ ಪೇಟೆಯಲ್ಲಿರುವ ನಿಮಗೆ ಅಷ್ಟು ತಾಗದಿರಬಹುದು, ಸಕಲೇಶಪುರದ ಕಡೆಯವರಿಗೆ ತಾಗುತ್ತದೆ. ಕಾಫಿಯ ಗೋಣಿತಟ್ಟಿನಲ್ಲಿ ಹೋಲ್ಡರ್ ಸುತ್ತಿಡಬೇಡಿ. ಅದು ತೇವ ಹೀರಿ ಉಕ್ಕಿಗೆ ದಾಟಿಸುತ್ತದೆ. ಎಣ್ಣೆ ಸವರಿ ಬಯಲಿಗೆ ತೂಗುಹಾಕಿದರೂ ಪರವಾಗಿಲ್ಲ.

ಕೊನೆಯದಾಗಿ, ಪೋಸ್ಟನ್ನು ಕಾಂಪೌಂಡಿಗೆ ಬಿಗಿಯುವ ಟಿ-ನಟ್. ಪೋಸ್ಟಿನ ಜೊತೆ ಬರುವ ನಟ್ಟನ್ನು ದೊಡ್ಡದಾಗಿಯೇ ಕೊಡುತ್ತಾರೆ. ನಿಮ್ಮ ಕಾಂಪೌಂಡಿನ ತೋಡಿಗೆ ಸರಿಯಾಗಿ ಅದನ್ನು ಕೊರೆದುಕೊಳ್ಳಬೇಕು. ನಾಲ್ಕು ದವಡೆಯ ಚಕ್ಕಿಗೆ ಕಚ್ಚಿಸಿದರೆ ಲೇತಿನಲ್ಲೇ ಆಗುವ ಕೆಲಸ. ಆದರೆ ಹಳೆಯ ಟೂಲ್ ಪೋಸ್ಟ್ ಕೈಯಲ್ಲಿರಬೇಕು. ನಾನು ಹೊಸದರ ಪೆಟ್ಟಿಗೆ ಬಿಚ್ಚಿದ ಸಂಭ್ರಮದಲ್ಲಿ ಹಳೆಯದನ್ನು ಅದೇ ದಿನ ಗುಜರಿಯವನ ಗಾಡಿಗೆ ಹಾಕಿದ್ದೆ. ಮರುದಿನ ನಟ್ಟನ್ನು ಜೇಬಿನಲ್ಲಿಟ್ಟುಕೊಂಡು ಪೇಟೆಯ ಲೇತ್ ಅಂಗಡಿಗೆ ಹೋದೆ. ಅಲ್ಲಿನ ಹಿರಿಯ ಟರ್ನರ್ ನಟ್ಟನ್ನು ತಿರುಗಿಸಿ ನೋಡಿ, ‘ನಿಮ್ಮ ಮನೆಯಲ್ಲೇ ಲೇತ್ ಇದೆ ಎಂದಿದ್ದಿರಲ್ಲ ಸಾರ್?’ ಎಂದರು.