ಪಾಕದ ಬ್ರಿಕ್ಸ್: ಮಾಪಕ ಹೇಳುವುದೇನು, ನಾವು ಓದಿಕೊಳ್ಳುವುದೇನು

ಮುಂಬೈಯ ಮಿಠಾಯಿ ಅಂಗಡಿಗಳ ಹಿಂಬದಿಯಲ್ಲಿ, ಗೋವಾದಲ್ಲಿ ಪುನರ್ಪುಳಿ ಶರಬತ್ತು ಮಾಡುವ ಕಡೆ, ಕೈಯಲ್ಲಿ ಹಿಡಿದು ನೋಡುವ ರಿಫ್ರಾಕ್ಟೋಮೀಟರ್ ಬಹಳ ಉಪಕಾರಿ. ಒಂದೆರಡು ಹನಿ ಹಾಕಿ, ಮುಚ್ಚಳ ಮುಚ್ಚಿ, ಬೆಳಕಿನತ್ತ ಹಿಡಿದು ಕಣ್ಣಿಟ್ಟರೆ ಮೇಲೆ ನೀಲಿ, ಕೆಳಗೆ ಬಿಳಿ. ನಡುವಿನ ಗೆರೆ ನಿಂತ ಅಂಕಿಯೇ ಬ್ರಿಕ್ಸ್, ಅಂದರೆ ನೂರು ಗ್ರಾಂ ಪಾಕದಲ್ಲಿ ಇಷ್ಟು ಗ್ರಾಂ ಸಕ್ಕರೆ ಎಂಬ ಲೆಕ್ಕ. ಬಳಕೆ ಇಷ್ಟು ಸುಲಭವಾದ್ದರಿಂದಲೇ ಅದು ಸಕ್ಕರೆಯನ್ನು ಅಳೆಯುತ್ತದೆ ಎಂದು ನಂಬಿಬಿಡುತ್ತೇವೆ. ಅದಕ್ಕೆ ಸಕ್ಕರೆಯ ಗೊಡವೆಯೇ ಇಲ್ಲ. ಬೆಳಕು ಎಷ್ಟು ಬಾಗಿತು ಎಂಬುದಷ್ಟೇ ಅದಕ್ಕೆ ಗೊತ್ತು.

ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಓರೆಯಾಗಿ ದಾಟುವಾಗ ಅದರ ವೇಗ ಬದಲಾಗುತ್ತದೆ, ಅದರೊಡನೆ ದಿಕ್ಕೂ ಬದಲಾಗುತ್ತದೆ. ವೇಗ ಎಷ್ಟು ಕುಗ್ಗಿತು ಎಂಬುದರ ಅಳತೆಯೇ ವಕ್ರೀಭವನ ಸೂಚ್ಯಂಕ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿಗೆ ಇದು 1.333. ನೂರು ಗ್ರಾಂ ದ್ರಾವಣದಲ್ಲಿ 40 ಗ್ರಾಂ ಸಕ್ಕರೆ ಇದ್ದರೆ ಸುಮಾರು 1.400, 65 ಗ್ರಾಂ ಇದ್ದರೆ 1.453. ಮಾಪಕದೊಳಗಿನ ಪ್ರಿಸಮ್‌ನ ಗಾಜಿನ ಸೂಚ್ಯಂಕ ಇವೆಲ್ಲಕ್ಕಿಂತ ಹೆಚ್ಚು. ಮುಚ್ಚಳದ ಮೂಲಕ ಬಂದ ಬೆಳಕು ಪಾಕದ ತೆಳು ಪದರವನ್ನು ದಾಟಿ ಎಲ್ಲ ಕೋನಗಳಿಂದಲೂ ಗಾಜಿಗೆ ಇಳಿಯುತ್ತದೆ. ಗಾಜಿನ ಮೈಗೆ ಸವರಿದಂತೆ ಬಂದ ಕಿರಣವೂ ಒಳಹೊಕ್ಕ ಮೇಲೆ ಒಂದು ಮಿತಿಗಿಂತ ಓರೆಯಾಗಿ ಹೋಗಲಾರದು. ಆ ಮಿತಿಯೇ ಕ್ರಾಂತಿಕೋನ. ಅದರಾಚೆಗೆ ಬೆಳಕಿಲ್ಲ, ಹಾಗಾಗಿ ಗೆರೆ ಮೂಡುತ್ತದೆ. ಗಾಜಿನ ಸೂಚ್ಯಂಕ 1.65 ಎಂದಿಟ್ಟುಕೊಳ್ಳಿ: ನೀರಿಗೆ ಈ ಕೋನ 53.9 ಡಿಗ್ರಿ, 65 ಬ್ರಿಕ್ಸ್ ಪಾಕಕ್ಕೆ 61.7. ನೀರಿನಿಂದ ಗಟ್ಟಿ ಪಾಕದವರೆಗಿನ ನಮ್ಮ ವ್ಯವಹಾರವೆಲ್ಲ ಈ ಎಂಟು ಡಿಗ್ರಿಯೊಳಗೇ ಮುಗಿಯುತ್ತದೆ. ಆದ್ದರಿಂದಲೇ ಸಣ್ಣ ಅಜಾಗರೂಕತೆಗೂ ಅಂಕಿ ಅಲುಗಾಡುತ್ತದೆ.

ಅಲುಗಾಡಿಸುವುದರಲ್ಲಿ ಮೊದಲನೆಯದು ಶಾಖ. ಬಿಸಿಯಾದ ದ್ರವ ಹಿಗ್ಗುತ್ತದೆ, ಬೆಳಕನ್ನು ಕಡಿಮೆ ಬಾಗಿಸುತ್ತದೆ, ಮಾಪಕ ಕಡಿಮೆ ಓದುತ್ತದೆ. ಮಾಪಕದ ಅಂಕಿಗಳೆಲ್ಲ 20 ಡಿಗ್ರಿಗೆ ಬರೆದವು. ಅದಕ್ಕಿಂತ ಮೇಲೆ ಹೋದ ಪ್ರತಿ ಡಿಗ್ರಿಗೂ 0.07ರಿಂದ 0.08 ಬ್ರಿಕ್ಸ್ ಕೂಡಿಸಬೇಕು. ಮುಂಬೈಯ ಏಪ್ರಿಲ್-ಮೇ ತಿಂಗಳಲ್ಲಿ ಒಲೆ ಉರಿಯುವ ಕೋಣೆ 35 ಡಿಗ್ರಿ ಇರುವುದು ದೊಡ್ಡ ಮಾತಲ್ಲ. ಅಲ್ಲಿ ನಿಜವಾದ 65 ಬ್ರಿಕ್ಸ್ ಪಾಕ 63.8ರಷ್ಟು ತೋರುತ್ತದೆ. ಇನ್ನೂ ಆಗಿಲ್ಲ ಎಂದು ಕುದಿಸುತ್ತಾರೆ, ಮಾಪಕ 65 ತೋರುವ ಹೊತ್ತಿಗೆ ಪಾಕ 66 ದಾಟಿರುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 2 ಕೆ.ಜಿ. ಸಕ್ಕರೆಯನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ, ಅಂದರೆ 67 ಬ್ರಿಕ್ಸ್. ಆ ಗಡಿಗೆ ಅಂಟಿಕೊಂಡ ಬರಿ ಸಕ್ಕರೆ ಪಾಕ ಎಸಿ ಕೋಣೆಯ ಶೆಲ್ಫಿನಲ್ಲಿ ಹರಳುಗಟ್ಟಿದರೆ ಸಕ್ಕರೆ ವ್ಯಾಪಾರಿಯನ್ನು ಬೈದು ಪ್ರಯೋಜನವಿಲ್ಲ.

ಎಟಿಸಿ ಎಂದು ಬರೆದ ಮಾಪಕ ಕೊಂಡಿದ್ದೇವಲ್ಲ ಎನ್ನುತ್ತಾರೆ. ಎಟಿಸಿ ತಾನಾಗಿ ಶಾಖದ ತಿದ್ದುಪಡಿ ಮಾಡುವುದು ನಿಜ, ಆದರೆ ಸಾಮಾನ್ಯ ಮಾಪಕಗಳಲ್ಲಿ 10ರಿಂದ 30 ಡಿಗ್ರಿಯೊಳಗೆ ಮಾತ್ರ. ನಮ್ಮ ಬೇಸಿಗೆಗೆ ಅದು ಕೈಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ತಿದ್ದುವುದು ಮಾಪಕದ ಮೈಶಾಖವನ್ನು. ಕಡಾಯಿಯಿಂದ ನೇರ ಬಂದ 90 ಡಿಗ್ರಿ ಹನಿಯನ್ನಲ್ಲ. ಕುದಿಪಾಕ ಹಾಕಿದ ತಕ್ಷಣ ಗೆರೆ ಮೇಲಕ್ಕೆ ತೆವಳುವುದನ್ನು ಕಂಡಿರುತ್ತೀರಿ. ಹನಿ ತಣಿಯುತ್ತಿದೆ, ಜೊತೆಗೆ ಅಂಚಿನಲ್ಲಿ ನೀರು ಆವಿಯಾಗುತ್ತಿದೆ. ಎರಡೂ ಅಂಕಿಯನ್ನು ಏರಿಸುತ್ತವೆ. ಎಷ್ಟೆಷ್ಟು ಯಾವುದರಿಂದ ಎಂದು ಬೇರ್ಪಡಿಸಲಾಗದು.

ಹಾಗಾಗಿ ಒಂದು ಚಮಚ ಪಾಕವನ್ನು ಬಿಗಿ ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಯನ್ನು ತಣ್ಣೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಇಡಿ. ಮುಚ್ಚಳ ತೆರೆದಿಟ್ಟು ಆರಿಸಬೇಡಿ, ಆವಿ ಹೋದರೆ ಲೆಕ್ಕ ಹೋಯಿತು. ಮುಚ್ಚಳದ ಒಳಮೈಗೆ ಕಟ್ಟಿದ ನೀರಹನಿಯೂ ಆ ಪಾಕದ್ದೇ, ಡಬ್ಬಿ ಅಲ್ಲಾಡಿಸಿ ಬೆರೆಸಿಕೊಳ್ಳಿ. ಪ್ರಿಸಮ್ ಮೇಲೆ ಹಾಕಿ ಅರ್ಧ ನಿಮಿಷ ಬಿಟ್ಟು ಓದಿ.

0ರಿಂದ 32 ಬ್ರಿಕ್ಸ್‌ವರೆಗೆ ಓದುವ ಮಾಪಕವಾದರೆ ಶೂನ್ಯ ಹೊಂದಿಸುವಾಗಲೇ ಒಂದು ಉಪಾಯವಿದೆ. ಎಟಿಸಿ ಇಲ್ಲದ ಮಾಪಕದಲ್ಲಿ, ಪರೀಕ್ಷಿಸುವ ಜಾಗದಲ್ಲೇ ಇಟ್ಟಿದ್ದ ನೀರಿನಿಂದ ಶೂನ್ಯ ಹೊಂದಿಸಿದರೆ ಶಾಖದ ದೋಷ ಬಹುಪಾಲು ಅಲ್ಲಿಗೇ ಕಳೆದುಹೋಗುತ್ತದೆ. 30 ಡಿಗ್ರಿಯಲ್ಲಿ ನೀರಿನ ತಿದ್ದುಪಡಿ 0.72, ತೆಳು ರಸಗಳದ್ದು ಅದಕ್ಕಿಂತ ಕೊಂಚ ಹೆಚ್ಚು. ಉಳಿಯುವ ವ್ಯತ್ಯಾಸ 0.1ರೊಳಗೆ. ಆಮೇಲೆ ಶಾಖದ ತಿದ್ದುಪಡಿಯ ಪಟ್ಟಿ ನೋಡಿ ಮತ್ತೆ ಕೂಡಿಸಲು ಹೋದರೆ ಎರಡು ಸಲ ತಿದ್ದಿದಂತಾಗುತ್ತದೆ. ಡಿಸ್ಟಿಲ್ಡ್ ವಾಟರ್ ಸಿಗದಿದ್ದರೆ ಆರ್‌ಒ ನೀರು ಧಾರಾಳ ಸಾಕು. ಬೋರ್‌ವೆಲ್ ನೀರು ಬೇಡ. 58–90ರ ಮಾಪಕದಲ್ಲಿ ನೀರಿಗೆ ಗೆರೆಯೇ ಕಾಣದು, ಅದರ ಜೊತೆ ಕೊಡುವ ಎಣ್ಣೆ ಅಥವಾ ಗಾಜಿನ ತುಂಡಿನಿಂದಲೇ ಹೊಂದಿಸಬೇಕು.

ಇನ್ನು ಬೆಳಕನ್ನು ಬಾಗಿಸುವ ಬೇರೆ ಗಿರಾಕಿಗಳು. ನೀರಿಗೆ ತೂಕದಲ್ಲಿ 10 ಶೇಕಡಾ ಉಪ್ಪು ಹಾಕಿದರೆ ಮಾಪಕ ಹತ್ತಿರ ಹತ್ತಿರ 12 ತೋರಿಸುತ್ತದೆ, ಸಕ್ಕರೆ ಕಾಳೂ ಇಲ್ಲದೆ. ಕೊಂಕಣದ ಆಗಳದಂಥ ಉಪ್ಪು ಬೆರೆಸಿದ ಪುನರ್ಪುಳಿ ರಸದಲ್ಲಿ ಬ್ರಿಕ್ಸ್ ನೋಡುವುದು ಇದೇ ಕಾರಣಕ್ಕೆ ನಿರರ್ಥಕ. ಉಪ್ಪು, ಜೀರಿಗೆ ಹಾಕುವ ಶರಬತ್ತಾದರೆ ಅವನ್ನು ಸೇರಿಸುವ ಮೊದಲೇ ಓದಿಬಿಡಿ. ಹುಳಿ ಇದಕ್ಕೆ ತಿರುಗುಮುರುಗು: ಸಿಟ್ರಿಕ್ ಆಮ್ಲ ಸಕ್ಕರೆಗಿಂತ ಸ್ವಲ್ಪ ಕಡಿಮೆ ಬಾಗಿಸುವುದರಿಂದ ನಿಂಬೆಜಾತಿಯ ರಸಗಳಲ್ಲಿ ಪ್ರತಿ 1 ಶೇಕಡಾ ಆಮ್ಲಕ್ಕೆ 0.2 ಕೂಡಿಸುವುದು ರೂಢಿ. ಹುಳಿತ ಪಾಕ ಇನ್ನೂ ಮೋಸದ್ದು. ಸಕ್ಕರೆ ಆಲ್ಕೋಹಾಲ್ ಆಗಿರುತ್ತದೆ, ಆಲ್ಕೋಹಾಲಿನ ಸೂಚ್ಯಂಕ 1.361, ನೀರಿಗಿಂತ ಜಾಸ್ತಿ. ಸಕ್ಕರೆ ಇಳಿದಷ್ಟು ಅಂಕಿ ಇಳಿಯುವುದಿಲ್ಲ. ನೊರೆ, ವಾಸನೆ ಬಂದ ಬಾಟಲಿಯ ಬ್ರಿಕ್ಸ್ ಸರಿಯಾಗಿದೆ ಎಂದು ಮಾರಾಟಕ್ಕೆ ಬಿಡಬೇಡಿ.

ಕರಗದ್ದು ಮಾತ್ರ ಲೆಕ್ಕಕ್ಕೇ ಬರುವುದಿಲ್ಲ. ತಳದಲ್ಲಿ ಹರಳು ಕೂತಿದ್ದರೆ ಮಾಪಕಕ್ಕೆ ಅದು ಕಾಣದು. ಬೆಚ್ಚಗೆ ಮಾಡಿ ಕದಡಿದ ಮೇಲೆಯೇ ಓದಬೇಕು. ಆಪೂಸ್ ಮಾವಿನ ತಿರುಳಿನ ನಾರು ಬೆಳಕನ್ನು ಚದುರಿಸಿ ಗೆರೆಯನ್ನು ಮಂಕು ಮಾಡುತ್ತದೆ, ಮಲ್ಮಲ್ ಬಟ್ಟೆಯಲ್ಲಿ ಹಿಂಡಿದ ಎರಡು ಹನಿ ಸಾಕು. ಗೆರೆಯ ಅಂಚಿನಲ್ಲಿ ಕೆಂಪು-ನೀಲಿ ಬಣ್ಣ ಕಂಡರೆ ಗಾಬರಿ ಬೇಡ, ಒಂದೊಂದು ಬಣ್ಣ ಒಂದೊಂದು ಅಳತೆಯಲ್ಲಿ ಬಾಗುತ್ತದೆ. ಆದರೆ ಬೆಳಿಗ್ಗೆ ಬಿಸಿಲಲ್ಲಿ, ಸಂಜೆ ಎಲ್‌ಇಡಿ ಕೆಳಗೆ ಓದಿ ಎರಡನ್ನೂ ಹೋಲಿಸಬೇಡಿ.

ಅಳತೆಪಾತ್ರೆಯ ವಿಷಯ ಒಂದಿದೆ. ಬ್ರಿಕ್ಸ್ ಎಂದರೆ ತೂಕದ ಲೆಕ್ಕ. ಒಂದು ಕಪ್ ಸಕ್ಕರೆ 200 ಗ್ರಾಂ, ಒಂದು ಕಪ್ ನೀರು 240 ಗ್ರಾಂ; ಸಮ ಸಮ ಹಾಕಿದ ಜಾಮೂನು ಪಾಕ ಕುದಿಸುವ ಮೊದಲು 50 ಅಲ್ಲ, 45. ತಕ್ಕಡಿಯಲ್ಲಿ 1 ಕೆ.ಜಿ. ಸಕ್ಕರೆಗೆ 540 ಗ್ರಾಂ ನೀರು ತೂಗಿದರೆ 65 ಸಿಗುತ್ತದೆ. ಪಾಕ ಮಿತಿಮೀರಿದ್ದರೆ ಕಣ್ಣಂದಾಜಿನಲ್ಲಿ ನೀರು ಸುರಿಯಬೇಕಿಲ್ಲ. 70 ಬ್ರಿಕ್ಸ್‌ನ 10 ಕೆ.ಜಿ.ಯನ್ನು 65ಕ್ಕೆ ಇಳಿಸಲು 70ನ್ನು 65ರಿಂದ ಭಾಗಿಸಿ 10ರಿಂದ ಗುಣಿಸಿ, ಬಂದ 10.77 ಒಟ್ಟು ತೂಕ, ಹಾಕಬೇಕಾದ ನೀರು 770 ಗ್ರಾಂ. ಜಾಮ್‌ಗೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೇಳುವುದು ಕನಿಷ್ಠ 65, ಸ್ಕ್ವಾಷ್‌ಗೆ 40. ಅಲ್ಲಿ ಅರ್ಧ ಬ್ರಿಕ್ಸ್ ಹೆಚ್ಚೇ ಇಟ್ಟುಕೊಳ್ಳುವುದು ಲೇಸು.

ಒರೆಸಲು ಒದ್ದೆ ಮೆದು ಬಟ್ಟೆ, ಆಮೇಲೆ ಒಣ ಬಟ್ಟೆ. ನಲ್ಲಿಯ ಕೆಳಗೆ ಹಿಡಿಯಬೇಡಿ, ಎಲ್ಲ ಮಾಪಕಗಳೂ ನೀರುಬಿಗಿ ಅಲ್ಲ. ನೀರು ಒಳಹೊಕ್ಕರೆ ಮಂಜು ಕಟ್ಟುತ್ತದೆ. ಸ್ಟೀಲ್ ಚಮಚದಿಂದ ಪಾಕ ಸವರಿದರೆ ಪ್ರಿಸಮ್‌ಗೆ ಗೀರು ಬೀಳುತ್ತದೆ, ಪ್ಲಾಸ್ಟಿಕ್ ಡ್ರಾಪರ್ ಇರಲಿ.