ವಾಚು ಲಾಕರ್‌ಗೆ ಹೋಗುವ ಮೊದಲು ಸೆಲ್ ತೆಗೆಸಿ

ಬೆಳಗಾವಿ ಪ್ಯಾಟಿಯಿಂದ, ಖಾನಾಪುರ, ಗೋಕಾಕ, ಚಿಕ್ಕೋಡಿ ಕಡೆಯಿಂದ ನನ್ನ ರಿಪೇರಿ ಟೇಬಲ್ಲಿಗೆ ಬರುವ ಬಂಗಾರದ ಲೇಡೀಸ್ ವಾಚುಗಳಲ್ಲಿ ದಿನಾ ಕಟ್ಟಿಕೊಂಡು ಕೆಟ್ಟವು ಕಡಿಮೆ. ಹೆಚ್ಚಿನವು ಕೆಟ್ಟಿರುವುದು ಬ್ಯಾಂಕಿನ ಲಾಕರಿನೊಳಗೆ. ಮಗಳ ಮದುವೆಗೆ ಒಂದು ದಿನ, ಕುಬಸಕ್ಕೆ ಒಂದು ದಿನ ಕಟ್ಟಿಕೊಂಡು, ಆಮೇಲೆ ಪಾಟ್ಲಿ, ಬಿಲ್ವರ, ಬೋರಮಾಳದ ಜೊತೆ ಗುಲಾಬಿ ಕಾಗದದಲ್ಲಿ ಸುತ್ತಿ ಇಟ್ಟುಬಿಡುತ್ತಾರೆ. ಮೂರ್ನಾಲ್ಕು ವರ್ಷ ಬಿಟ್ಟು ಇನ್ನೊಂದು ಮದುವೆಗೆ ತೆಗೆದರೆ ಮುಳ್ಳು ನಿಂತಿರುತ್ತದೆ. "ಸೆಲ್ ಮುಗದೈತಿ, ಒಂದ್ ಸೆಲ್ ಹಾಕ್ಕೊಡ್ರಿ" ಎಂದು ಬರುತ್ತಾರೆ. ಹಿಂದಿನ ಮುಚ್ಚಳ ತೆಗೆದು ನೋಡಿ, ಸೆಲ್ ಜೊತೆ ಮಷಿನ್ನೂ ಹೋಗಿದೆ ಅಂದರೆ ನಂಬುವುದಿಲ್ಲ. "ಹಾಕ್ಕೊಂಡ ಇಲ್ರೀ ಅಣ್ಣಾರ, ಹೆಂಗ ಕೆಡತೈತಿ?"

ಹಾಕಿಕೊಳ್ಳದೆ ಇಟ್ಟದ್ದಕ್ಕೇ ಕೆಟ್ಟಿತು. ಇದನ್ನು ಕೌಂಟರಿನ ಮೇಲೆ ಎಷ್ಟು ಸಲ ಹೇಳಿದರೂ ಮುಟ್ಟುತ್ತಿಲ್ಲ, ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಇಂಥ ವಾಚುಗಳಲ್ಲಿ ಬಹುಪಾಲು ಕ್ವಾರ್ಟ್ಜ್, ಅಂದರೆ ಸೆಲ್ ಮೇಲೆ ನಡೆಯುವವು. ಒಳಗಿರುವುದು ಸಿಲ್ವರ್ ಆಕ್ಸೈಡ್ ಸೆಲ್, 1.55 ವೋಲ್ಟಿನದು, ಅಂಗಿಯ ಗುಂಡಿಗಿಂತ ಸಣ್ಣದು. ಅದರೊಳಗೆ ಸತುವಿನ ಪುಡಿ ಇದೆ, ಕಾಸ್ಟಿಕ್ ಜಾತಿಯ ತೀಕ್ಷ್ಣ ಕ್ಷಾರದ ದ್ರವ ಇದೆ. ದ್ರವ ಹೊರಗೆ ಬರದಂತೆ ತಡೆದಿರುವುದು ಅಂಚಿನ ಒಂದು ತೆಳು ಪ್ಲಾಸ್ಟಿಕ್ ರಿಂಗ್. ವಾಚು ನಿಂತ ಮೇಲೂ ಸೆಲ್ ಒಳಗಿನ ರಸಾಯನ ನಿಲ್ಲುವುದಿಲ್ಲ. ಖಾಲಿಯಾದ ಸೆಲ್ಲಿನಲ್ಲಿ ನಿಧಾನಕ್ಕೆ ಗ್ಯಾಸ್ ಕೂಡುತ್ತದೆ, ರಿಂಗ್ ಹಳತಾಗಿ ಹಿಡಿತ ಬಿಡುತ್ತದೆ, ದ್ರವ ಲೋಹದ ಮೇಲೆ ತೆವಳಿಕೊಂಡು ಹೊರಗೆ ಬರುತ್ತದೆ. ಒಂದೇ ಹನಿ ಸಾಕು. ಎಲ್ಲ ಸೆಲ್ಲೂ ಸೋರುತ್ತದೆ ಎಂದು ನಾನು ಹೇಳುವುದಿಲ್ಲ. ಒಳ್ಳೆಯ ಸೆಲ್ ನಾಲ್ಕೈದು ವರ್ಷ ಏನೂ ಮಾಡದೆ ಇದ್ದದ್ದನ್ನೂ ಕಂಡಿದ್ದೇನೆ. ಆದರೆ ಯಾವುದು ಸೋರುತ್ತದೆ, ಯಾವುದು ಸೋರುವುದಿಲ್ಲ ಎಂದು ಹೊರಗಿನಿಂದ ನೋಡಿ ಯಾರೂ ಹೇಳಲಾರರು.

ಸೋರಿದ ವಾಚನ್ನು ಲೆನ್ಸ್ ಹಚ್ಚಿ ನೋಡಬೇಕು. ಸೆಲ್ಲಿನ ಅಂಚಿಗೆ ಉಪ್ಪು ಕಟ್ಟಿದಂತೆ ಬಿಳಿ ಪುಡಿ, ಅದು ಸರ್ಕ್ಯೂಟಿನ ತಾಮ್ರ ಮುಟ್ಟಿದ ಕಡೆ ಹಸಿರು. ಪಕ್ಕದಲ್ಲೇ ಕಾಯಿಲ್ ಇರುತ್ತದೆ: ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದು. ಆ ಹಸಿರು ಕಾಯಿಲ್‌ವರೆಗೆ ಹೋಗಿ ಒಂದೇ ಒಂದು ಎಳೆ ಕಡಿದರೂ ಮುಗಿಯಿತು. ಒಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತಲೇ ಇದ್ದರೂ ಮುಳ್ಳು ತಳ್ಳುವ ಮೋಟಾರಿಗೆ ಕರೆಂಟ್ ಹೋಗುವುದಿಲ್ಲ. ಕಾಯಿಲ್‌ಗೆ ಮೀಟರ್ ಇಟ್ಟರೆ ಸಾಮಾನ್ಯವಾಗಿ ಒಂದೆರಡು ಕಿಲೋಓಮ್ ತೋರಿಸಬೇಕು, ಕಡಿದದ್ದರಲ್ಲಿ ಏನೂ ತೋರಿಸುವುದಿಲ್ಲ. ಗಿರಾಕಿಗೂ ಮೀಟರ್ ತೋರಿಸುತ್ತೇನೆ. ಆಗಲೂ ಕೆಲವರು ಕೈಯಲ್ಲಿ ಬಳೆ ತಿರುಗಿಸುತ್ತ, "ಒಂದ್ ಸಲ ಹೊಸ ಸೆಲ್ ಹಾಕಿ ನೋಡ್ರಲ್ಲ" ಅನ್ನುತ್ತಾರೆ. ಹಾಕಿಯೂ ತೋರಿಸುತ್ತೇನೆ.

ಸ್ವಲ್ಪ ತಿಳಿದವರು ಇನ್ನೊಂದು ಮಾತು ಹೇಳುತ್ತಾರೆ: "ಚಾವಿ ಹೊರಗ ಎಳದ ಇಟ್ಟೀವ್ರಿ, ಸೆಲ್ ಖರ್ಚ್ ಆಗೂದಿಲ್ಲ." ಚಾವಿ ಅಂದರೆ ವಾಚಿನ ಪಕ್ಕದಲ್ಲಿರುವ, ಮುಳ್ಳು ತಿರುಗಿಸುವ ಗುಂಡಿ. ಅಂಗಡಿಯಲ್ಲಿ ಹೊಸ ವಾಚಿನ ಚಾವಿಯ ಕೆಳಗೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿರುತ್ತಾರಲ್ಲ, ಅದನ್ನು ನೋಡಿ ಕಲಿತದ್ದು. ಚಾವಿ ಎಳೆದರೆ ಮುಳ್ಳು ನಿಲ್ಲುತ್ತದೆ, ಹೆಚ್ಚಿನ ಮಷಿನ್‌ಗಳಲ್ಲಿ ಸೆಲ್ ಬಾಳಿಕೆಯೂ ಹೆಚ್ಚುತ್ತದೆ, ನಿಜ. ಆದರೆ ಸೆಲ್ ಒಳಗೇ ಉಳಿಯಿತಲ್ಲ? ಅದು ಹಳತಾಗುವುದನ್ನು ಚಾವಿ ತಡೆಯುವುದಿಲ್ಲ. ಮೇಲಾಗಿ ಚಾವಿ ಎಳೆದಾಗ ಆ ಸಂದಿಯ ರಬ್ಬರ್ ಸರಿಯಾಗಿ ಕೂತಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಹಿಡಿಯುವ ಮಳೆಯ ಥಂಡಿ ಒಳಗೆ ಹೋಗಲು ಅಷ್ಟೇ ದಾರಿ ಸಾಕು.

ಗಂಡಸರ ದೊಡ್ಡ ವಾಚಾದರೆ ಒಂದು ಮಷಿನ್ ತೆಗೆದು ಇನ್ನೊಂದು ಹಾಕುವುದು ಅಷ್ಟು ತ್ರಾಸದ ಕೆಲಸ ಅಲ್ಲ. ಆಭರಣದಂತೆ ಮಾಡಿದ ಹೆಣ್ಣುಮಕ್ಕಳ ವಾಚಿನಲ್ಲಿ ಜಾಗವೇ ಇರುವುದಿಲ್ಲ. ಬಳೆಯಂತೆ, ಸರ್ಪದಂತೆ, ಹರಳಿನ ಪಟ್ಟಿಯಂತೆ ಕಾಣಬೇಕೆಂದು ಮೊದಲು ರೂಪ ಎಳೆದು, ಉಳಿದ ಸಂದಿಯಲ್ಲಿ ಮಷಿನ್ ಕೂಡಿಸಿರುತ್ತಾರೆ. ಇಟಲಿಯ ಆಭರಣ ಕಂಪನಿ ಬುಲ್ಗರಿಯ ಸರ್ಪೆಂಟಿ ವಾಚು 1948ರಿಂದ ಕೈಗೆ ಸುತ್ತಿಕೊಳ್ಳುವ ಹಾವಿನ ರೂಪದಲ್ಲೇ ಬರುತ್ತಿದೆ. ಸ್ವಿಸ್ ಕಂಪನಿ ಜೇಗರ್-ಲಕುಲ್ಟ್ರ್ 1929ರಲ್ಲಿ ಮಾಡಿದ ಕ್ಯಾಲಿಬರ್ 101 ಎಂಬ, ಸೆಲ್ ಇಲ್ಲದೆ ಚಾವಿ ಕೊಟ್ಟು ನಡೆಸುವ ಮಷಿನ್ ಸುಮಾರು ಒಂದು ಗ್ರಾಂ ತೂಕದ್ದು, ಉದ್ದ 14 ಮಿಲಿಮೀಟರ್, ಅಗಲ ಐದು ಮಿಲಿಮೀಟರ್ ಕೂಡ ಇಲ್ಲ, ಈಗ ಬರುವುದರಲ್ಲಿ 98 ಬಿಡಿಭಾಗ. 1953ರಲ್ಲಿ ಪಟ್ಟಾಭಿಷೇಕದ ದಿನ ಎರಡನೆಯ ಎಲಿಜಬೆತ್ ರಾಣಿಯ ಕೈಯಲ್ಲಿದ್ದದ್ದು ಅದೇ ಮಷಿನ್ನಿನ ವಾಚು. ಅಷ್ಟು ಸಣ್ಣದರಲ್ಲಿ ಅಷ್ಟು ಕೆಲಸ ಹಿಡಿಸಿದವರ ಕೈಗೆ ನಾನು ದಿನವೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ನಮ್ಮ ಕಡೆ ಬರುವುದು ಹೆಚ್ಚಾಗಿ 18 ಕ್ಯಾರೆಟ್ ಬಂಗಾರದ ಟೈಟಾನ್ ನೆಬ್ಯುಲಾ, ಇಲ್ಲವೇ ದುಬೈಯಿಂದ ಮಕ್ಕಳು ತಂದ ಸ್ವಿಸ್ ವಾಚು. ಯಾವುದೇ ಇರಲಿ, ಒಳಗಿನ ಮಷಿನ್ ಹೋದರೆ ಅದೇ ಅಳತೆಯದು, ಅದೇ ಡಯಲ್ ಕಾಲಿಗೆ (ಡಯಲ್ ಹಿಡಿದಿಡುವ ಹಿಂದಿನ ಸಣ್ಣ ಕಡ್ಡಿಗೆ), ಅದೇ ಮುಳ್ಳಿಗೆ ಹೊಂದುವುದು ಸಿಗಬೇಕು. ಕಂಪನಿ ಅದನ್ನು ಮಾಡುವುದನ್ನೇ ನಿಲ್ಲಿಸಿದ್ದರೆ ಕೈಯಲ್ಲಿ ಉಳಿಯುವುದು ಬಂಗಾರದ ಕವಚ. ಸರಾಫರು ಅದನ್ನು ತಕ್ಕಡಿಗೆ ಹಾಕಿ 750ರ ಲೆಕ್ಕದಲ್ಲಿ, ಅಂದರೆ ಸಾವಿರಕ್ಕೆ 750 ಪಾಲು ಬಂಗಾರ ಎಂದು ಹಿಡಿದು, ಬೆಲೆ ಹೇಳುತ್ತಾರೆ. ಕೊಂಡಾಗ ಕೊಟ್ಟ ಬೆಲೆಯಲ್ಲಿ ಕೆಲಸಗಾರಿಕೆಯದು, ಹೆಸರಿನದು ಎಷ್ಟಿತ್ತೋ ಅದು ಪೂರಾ ಹೋದಂತೆ.

ಬೈಲಹೊಂಗಲ ಕಡೆಯ ಒಬ್ಬ ನಿವೃತ್ತ ಟೀಚರ್ ಇದ್ದಾರೆ. ಅಳಿಯ ಕೊಡಿಸಿದ ವಾಚು, ಬ್ರೇಸ್ಲೆಟ್ಟಿನ ಒಂದೊಂದು ಕೊಂಡಿಯೂ ಜೋಳದ ಕಾಳಿನಷ್ಟು, ಅಷ್ಟು ಚೆಂದ. ಗೃಹಪ್ರವೇಶಕ್ಕೆ ಒಮ್ಮೆ ಕಟ್ಟಿಕೊಂಡು ಲಾಕರಿಗೆ ಹಾಕಿದ್ದರು. ತಂದಾಗ ಕಾಯಿಲ್ ಕಡಿದಿತ್ತು, ಜೊತೆಗಿಟ್ಟ ವಜ್ರದ ಕಿವಿಯೋಲೆ ಉಜ್ಜಿ ಗಾಜಿನ ಮೇಲೆ ಗೀರೂ ಬಿದ್ದಿತ್ತು. ಸಫೈರ್ ಗಾಜಿಗೆ ಗೀರು ಬೀಳುವುದಿಲ್ಲ ಎಂದು ಅಂಗಡಿಯವರು ಹೇಳಿದ್ದರಂತೆ. ವಜ್ರಕ್ಕೆ ಅದು ಲೆಕ್ಕಕ್ಕಿಲ್ಲ. ಮುಂಬೈಯ ಸರ್ವಿಸ್ ಸೆಂಟರಿಗೆ ಕಳಿಸಿದೆವು. ಎಸ್ಟಿಮೇಟ್ ನೋಡಿ ಟೀಚರ್ ಬಹಳ ಹೊತ್ತು ಮಾತಾಡಲಿಲ್ಲ. "ಇಷ್ಟ್ ರೊಕ್ಕದಾಗ ಮೊಮ್ಮಗಳಿಗೆ ಒಂದ್ ಬೆಂಡ್ವಾಲಿ ಬರತಿದ್ದೂವಲ್ಲೋ ತಮ್ಮಾ" ಅಂದರು. ತಪ್ಪು ಅವರದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬಂಗಾರ ಕೆಡುವುದಿಲ್ಲ ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವರು. ಕೊಂಡ ದಿನವೇ ಮಾರಿದವರು ಒಂದು ಮಾತು ಹೇಳಬಾರದಿತ್ತೇ?

ಇದಕ್ಕೆ ಉಲ್ಟಾ, ಶಹಾಪುರದ ಒಬ್ಬ ಅಜ್ಜಿ ಎಚ್‌ಎಂಟಿಯ ಸುಜಾತಾ ವಾಚು ತರುತ್ತಾರೆ. ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ವಾಚು ಶುರುವಾದ ಕಾಲದ ಮಾಡೆಲ್ ಅದು, ಚಾವಿಯದು. ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ವಾಚಿಗೆ ಚಾವಿ ಕೊಟ್ಟು ಕಟ್ಟಿಕೊಳ್ಳುತ್ತಾರೆ. ನಾಲ್ಕೈದು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಲು ಕೊಡುತ್ತಾರೆ, ಇಂದಿಗೂ ನಡೆಯುತ್ತಿದೆ. ಚಾವಿಯ ವಾಚು ಲಾಕರಿನಲ್ಲಿದ್ದರೆ ಸೋರುವ ಭಯ ಇಲ್ಲ, ಆದರೆ ಎಣ್ಣೆ ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಇಟ್ಟದ್ದಕ್ಕೆ ಒಮ್ಮೆಲೇ ಚಾವಿ ತುಂಬಿ ಕಟ್ಟಿಕೊಳ್ಳಬೇಡಿ, ಮೊದಲು ಸರ್ವಿಸಿಂಗ್ ಮಾಡಿಸಿ.

ಪತ್ತಾರರ ಬಗ್ಗೆಯೂ ಒಂದು ಮಾತು. ಅವರ ಕೈಗೆ ನನಗೆ ಬಹಳ ಗೌರವ, ಕೊಂಡಿ ಬೆಸೆಯುವುದು ಅವರದೇ ಕೆಲಸ. ಆದರೆ ಮಷಿನ್ ಒಳಗಿದ್ದಂತೆಯೇ ಬೆಂಕಿ ಹಿಡಿಸಲು, ತೇಜಾಬಿನಲ್ಲಿ ಅದ್ದಲು, ಅಂಟವಾಳದ ನೀರಿನಲ್ಲಿ ತೊಳೆಯಲು ಕೊಡಬೇಡಿ. ಮೊದಲು ನಮ್ಮ ಹತ್ತಿರ ಮಷಿನ್ ತೆಗೆಸಿ, ಬರೀ ಕವಚ ಒಯ್ಯಿರಿ.

ಆರು ತಿಂಗಳಿಗಿಂತ ಹೆಚ್ಚು ಕಾಲ ಕಟ್ಟಿಕೊಳ್ಳದೆ ಇಡುತ್ತೀರಿ ಎಂದು ಗೊತ್ತಿದ್ದರೆ ಸೆಲ್ ತೆಗೆಸಿ ವಾಚನ್ನು ಲಾಕರಿಗೆ ಹಾಕಿ. ವಾರಂಟಿ ಇದ್ದರೆ ಮೊದಲು ಕಂಪನಿಯವರನ್ನೇ ಕೇಳಿ, ಹೊರಗೆ ಮುಚ್ಚಳ ತೆಗೆಸಿದರೆ ಕೆಲವರು ತಕರಾರು ಮಾಡುತ್ತಾರೆ. ತೆಳು ಬಂಗಾರದ ಮುಚ್ಚಳವನ್ನು ಚಾಕುವಿನಿಂದ ಎಬ್ಬಿಸುವವರ ಹತ್ತಿರ ಮಾತ್ರ ಹೋಗಬೇಡಿ, ಅಂಚು ಒಮ್ಮೆ ಬಾಗಿದರೆ ನೀರು ತಡೆಯುವುದಿಲ್ಲ. ಮತ್ತೆ ಸೆಲ್ ಹಾಕಿಸಲು ಅಕ್ಷತೆಯ ದಿನ ಬೆಳಿಗ್ಗೆ ಬರಬೇಡಿ, ಎರಡು ದಿನ ಮೊದಲೇ ಬನ್ನಿ. ರಬ್ಬರ್ ನೋಡಬೇಕು, ಒಂದು ಹಗಲು ಒಂದು ರಾತ್ರಿ ನಡೆಸಿ ಟೈಮ್ ತಾಳೆ ಹಾಕಬೇಕು. ಆಮೇಲೆಯೇ ನಾನು ಕೈಗೆ ಕೊಡುವುದು.