ಇಟರೇಟಿವ್‌ಗೂ ನಮ್ಮ 'ಇತರೆ'ಗೂ ಏನು ನಂಟು?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಮೊನ್ನೆ ಜಗಲಿಯಲ್ಲಿ ಕೂತು ಒಣ ಅಡಿಕೆ ಸುಲಿಯುತ್ತಿದ್ದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗ ರಜೆಗೆ ಬಂದಿದ್ದ. ಲ್ಯಾಪ್‌ಟಾಪ್ ಮಡಚಿಟ್ಟು ಅವನೂ ಬಂದು ಕೂತ. ಹತ್ತು ಅಡಿಕೆ ಸುಲಿಯುವುದರೊಳಗೆ ಬೆರಳು ಕೆಂಪಾಯಿತು.

"ಎಂತ ಮಾವ, ಭಯಂಕರ ರಿಪಿಟಿಟಿವ್ ಕೆಲಸ ಇದು."

"ನಿನ್ನದು ಬೇರೆಯಾ? ದಿನಾ ಅದೇ ಕೀಲಿಮಣೆ ಕುಟ್ಟುವುದಲ್ವಾ?"

"ಅಲ್ಲ ಮಾವ, ನಮ್ಮದು ಇಟರೇಟಿವ್."

ನಗು ಬಂತು. ಆದರೆ ಅವನು ಹೇಳಿದ್ದು ಸರಿಯೇ. ಕನ್ನಡದಲ್ಲಿ ಎರಡಕ್ಕೂ 'ಪುನರಾವರ್ತನೆ' ಅಂತ ಬರೆದು ಕೈತೊಳೆದುಕೊಳ್ಳುತ್ತೇವೆ, ಇಂಗ್ಲಿಷಿನವರು ಮಾತ್ರ ಇವೆರಡನ್ನು ಬೇರೆ ಬೇರೆ ಕಡೆ ಬಳಸುತ್ತಾರೆ. ರಿಪಿಟಿಟಿವ್ ಅಂದರೆ ಮಾಡಿದ್ದನ್ನೇ ಮಾಡುವುದು, ಅದರಲ್ಲೊಂದು ಬೇಸರದ ವಾಸನೆ ಇದೆ. ನೂರನೇ ಅಡಿಕೆ ಸುಲಿಯುವಾಗ ತೊಂಬತ್ತೊಂಬತ್ತನೇ ಅಡಿಕೆಯಿಂದ ಏನೂ ಬೇಕಾಗುವುದಿಲ್ಲ. ಇಟರೇಟಿವ್‌ನಲ್ಲಿ ಹಾಗಲ್ಲ. ಒಂದು ಸುತ್ತಿನಲ್ಲಿ ಸಿಕ್ಕಿದ್ದನ್ನು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಹೋಗಬೇಕು.

ಒಂದು ಲೆಕ್ಕ ಮಾಡಿಯೇ ನೋಡೋಣ. ಐದು ಸೆಂಟ್ಸ್ ಜಾಗ ಸರಿಯಾದ ಚೌಕವಾಗಿದ್ದರೆ ಒಂದು ಬದಿ ಎಷ್ಟು ಅಡಿ? ಒಂದು ಸೆಂಟ್ ಅಂದರೆ 435.6 ಚದರಡಿ, ಐದಕ್ಕೆ 2178. ಸುಮ್ನೆ ಒಂದು ಅಂದಾಜು ಹೇಳಿ, 50 ಅಡಿ ಅನ್ನಿ. 2178ನ್ನು 50ರಿಂದ ಭಾಗಿಸಿದರೆ 43.56. ಒಂದು ಜಾಸ್ತಿ, ಒಂದು ಕಮ್ಮಿ, ನಿಜವಾದ ಉತ್ತರ ನಡುವೆ ಎಲ್ಲೋ ಇದೆ. ಎರಡರ ಸರಾಸರಿ 46.78. ಈಗ 50ನ್ನು ಬಿಟ್ಟುಬಿಡಿ, ಈ 46.78ನ್ನೇ ಹೊಸ ಅಂದಾಜು ಮಾಡಿ ಅದೇ ಕೆಲಸ ಮಾಡಿ. 46.67 ಬರುತ್ತದೆ. ಬೇಕಾದರೆ ಮೊಬೈಲಿನಲ್ಲಿ ವರ್ಗಮೂಲ ಒತ್ತಿ ನೋಡಿ, ಎರಡೇ ಸುತ್ತಿಗೆ ಅಡಿಯ ನೂರನೇ ಒಂದು ಭಾಗದಷ್ಟೂ ತಪ್ಪಿಲ್ಲ! ಅಲೆಕ್ಸಾಂಡ್ರಿಯಾದ ಹೀರೋ ಎಂಬ ಗಣಿತಜ್ಞ 1ನೇ ಶತಮಾನದಲ್ಲೇ ಬರೆದಿಟ್ಟ ಉಪಾಯ ಇದು. ಮಾಡುವ ಕೆಲಸ ಅದೇ, ಆದರೆ ಪ್ರತಿ ಸಲ ಕೈಯಲ್ಲಿರುವ ಸಂಖ್ಯೆ ಬೇರೆ.

ಆ 'ಬೇರೆ' ಅನ್ನುವುದು ಶಬ್ದದ ಹೊಟ್ಟೆಯಲ್ಲೇ ಇದೆ. ಇಟರೇಟಿವ್ ಬಂದದ್ದು ಲ್ಯಾಟಿನ್ನಿನ 'ಇತೆರುಮ್' ಎಂಬ ಪದದಿಂದ, ಅರ್ಥ 'ಮತ್ತೊಮ್ಮೆ'. ಅದರ ದಾಯಾದಿ ಸಂಸ್ಕೃತದಲ್ಲಿದೆ, 'ಇತರ'. ಹೌದು, ಅರ್ಜಿಯ ಕೊನೆಯ ಕಾಲಮ್ಮಿನಲ್ಲಿ, ಮದುವೆ ಖರ್ಚಿನ ಪಟ್ಟಿಯ ಕೊನೆಯಲ್ಲಿ ನಾವು ಬರೆಯುವ ಅದೇ ಇತರೆ! ಹಾಗಂತ ಲ್ಯಾಟಿನ್ ಸಂಸ್ಕೃತದಿಂದ ಹುಟ್ಟಿತು ಅಂತ ವಾಟ್ಸಾಪಿನಲ್ಲಿ ಹಂಚಬೇಡಿ. ಎರಡಕ್ಕೂ ಅದಕ್ಕಿಂತ ಹಳೆಯ ಒಂದು ತಾಯಿ ಭಾಷೆ ಇತ್ತು, ಬರಹದಲ್ಲಿ ಉಳಿದಿಲ್ಲ, ಮಕ್ಕಳ ಮುಖ ನೋಡಿ ತಾಯಿಯ ಚಹರೆ ಊಹಿಸಿದ ಹಾಗೆ ಪಂಡಿತರು ಅದನ್ನು ಕಟ್ಟಿಕೊಂಡಿದ್ದಾರೆ. ಅಲ್ಲಿ ಈ ಪದಕ್ಕೆ 'ಎರಡರಲ್ಲಿ ಇನ್ನೊಂದು' ಎಂಬಂಥ ಅರ್ಥ. ಸಂಸ್ಕೃತ ಅದನ್ನು ಹಾಗೇ ಇಟ್ಟುಕೊಂಡಿತು. ಲ್ಯಾಟಿನ್ನಿನಲ್ಲಿ 'ಇನ್ನೊಂದು ಸಲ' ಅಂತಾಗಿ, ಕಡೆಗೆ 'ಪುನಃ' ಆಯಿತು.

ರಿಪೀಟ್‌ನ ದಾರಿ ಬೇರೆ. ಅದರೊಳಗಿನ 'ಪೆತೆರೆ'ಗೆ ಹುಡುಕಿಕೊಂಡು ಹೋಗು ಎಂಬ ಅರ್ಥ, ಪೆಟಿಷನ್ ಬಂದದ್ದೂ ಅಲ್ಲಿಂದಲೇ. ಹೋದಲ್ಲಿಗೇ ಪುನಃ ಹೋಗುವುದು ರಿಪೀಟ್. ಕಚೇರಿ ಅಲೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದ್ಯಾವುದೂ ಅಲ್ಲ. ಲ್ಯಾಟಿನ್ ಜೊತೆ ರಕ್ತಸಂಬಂಧವೇ ಇಲ್ಲದ ನಮ್ಮ ಭಾಷೆಗಳೂ ಇದೇ ದಾರಿ ಹಿಡಿದಿವೆ. ತುಳುವಿನಲ್ಲಿ 'ಕುಡೊಂಜಿ' ಅಂದರೆ ಇನ್ನೊಂದು, 'ಕುಡೊರ' ಅಂದರೆ ಇನ್ನೊಮ್ಮೆ. ಕನ್ನಡದಲ್ಲಿ 'ಮತ್ತೊಂದು', 'ಮತ್ತೊಬ್ಬ' ಅನ್ನುವಾಗ ಬೇರೆ ಎಂಬ ಅರ್ಥ, 'ಮತ್ತೆ' ಅನ್ನುವಾಗ ಪುನಃ. ಅದೇ ಬೇರಿನ 'ಮತ್ತು' ಈಗ ಎರಡು ಪದಗಳನ್ನು ಜೋಡಿಸುವ ಕೊಂಡಿ. ಮಲಯಾಳದಲ್ಲಿ ಅದೇ ಬೇರಿನಿಂದ ಬಂದ 'ಮಟ್ಟೊರು' ಅಂದರೆ ಬೇರೊಂದು, ಪುನಃ ಅನ್ನಲು ಅವರು 'ವೀಂಡುಂ' ಎಂಬ ಬೇರೆಯೇ ಪದ ಹಿಡಿದರು. ಕಾಸರಗೋಡಿನ ಪೇಟೆಯಲ್ಲಿ ಒಂದು ಚಾ ಕುಡಿದು ಇನ್ನೊಂದು ಹೇಳುವುದರೊಳಗೆ ಈ ಮೂರೂ ಭಾಷೆ ಕಿವಿಗೆ ಬೀಳುತ್ತವೆ.

ಇನ್ನು 'ರೀಇಟರೇಟ್'. ಇಟರೇಟ್‌ನಲ್ಲೇ 'ಪುನಃ' ಉಂಟು, ಮೇಲಿಂದ ಅದೇ ಅರ್ಥದ 'ರೀ' ಬೇರೆ. ನಗುವುದು ಬೇಡ, ನಾವೂ 'ಮತ್ತೆ ಪುನಃ' ಅನ್ನುವವರೇ.

ಅಂದ ಹಾಗೆ ನಮ್ಮ ಕಡೆಯ 'ಮತ್ತೆ'ಗೆ ಇನ್ನೊಂದು ಅರ್ಥವೂ ಉಂಟು, 'ಆಮೇಲೆ' ಅಂತ. "ಮತ್ತೆ ಬನ್ನಿ" ಅಂದರೆ ಬೆಂಗಳೂರಿನವರು ಇನ್ನೊಮ್ಮೆ ಬರಲು ಕರೆಯುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಈಗ ಆಗುವುದಿಲ್ಲ, ಆಮೇಲೆ ನೋಡುವ ಅಂತ ಹೇಳಿದ್ದು ಅಂತ ಅವರಿಗೆ ಹೊಳೆಯುವುದೇ ಇಲ್ಲ. ಇಷ್ಟು ಹೇಳುವುದರೊಳಗೆ ಬುಟ್ಟಿ ಖಾಲಿಯಾಗಿತ್ತು. ಒಳಗಿನಿಂದ ಇನ್ನೊಂದು ತಂದಿಟ್ಟೆ. ಅಳಿಯ ಅದನ್ನು ನೋಡಿದ, ಬೆರಳು ನೋಡಿಕೊಂಡ. "ಮೀಟಿಂಗ್ ಉಂಟು ಮಾವ, ಮತ್ತೆ ಸುಲಿಯುತ್ತೇನೆ" ಅಂತ ಎದ್ದು ಹೋದ.